ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಿಸಿದ ವ್ಯಾನು

ಮಂಗಳೂರಿನ ಹಂಪನಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ಹಿಟ್ಟಿನ ಗಿರಣಿ ಉಂಟು. ಅಲ್ಲಿ ಮೆಣಸು ಪುಡಿ ಮಾಡುವ ದಿನ ನಾನು ರಸ್ತೆಯ ಆಚೆ ಬದಿಗೆ ದಾಟುತ್ತೇನೆ. ದಾಟುವ ಮೊದಲು ಎರಡೂ ಕಡೆ ನೋಡುತ್ತೇನೆ. ಬಸ್ಸಿಲ್ಲ ಎಂದು ಖಾತ್ರಿಯಾದ ಮೇಲೆ ಇನ್ನೊಮ್ಮೆ ನೋಡುತ್ತೇನೆ. ಕಳೆದ ವಾರ ಹಾಗೆ ನೋಡುತ್ತ ನಿಂತಿದ್ದಾಗಲೇ ಘಾಟು ಬಂದು ಮುಖಕ್ಕೆ ಹೊಡೆಯಿತು. ಒಂದರ ಹಿಂದೊಂದು ಸೀನು. ಗಿರಣಿಯವನು ಒಳಗಿನಿಂದಲೇ, "ಎಂತ ಶೆಟ್ರೆ, ಮೆಣಸು ಆಗುದಿಲ್ವಾ ನಿಮಗೆ?" ಎಂದು ನಕ್ಕ. ಅವನು ಈ ಊರಿಗೆ ಹೊಸಬ. ಹಳಬನಾಗಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದ. ಹತ್ತು ವರ್ಷಗಳ ಹಿಂದೆ ಪಣಂಬೂರಿನಿಂದ ಹಂಪನಕಟ್ಟೆಯವರೆಗೆ ನನ್ನ ಮೆಣಸಿನ ಕಥೆ ಕೇಳಿ ನಗದೆ ಉಳಿದವನು ಬಹುಶಃ ನಾನೊಬ್ಬನೇ.

ಅದು ಎಪ್ಪತ್ತೊಂಬತ್ತರ ಮಾತು. ಮಳೆ ಮುಗಿದಿತ್ತು. ಕಂಪೌಂಡು ಗೋಡೆಯ ಹಸಿರು ಪಾಚಿ ಒಣಗಿ ಕಪ್ಪಾಗಲು ಶುರುವಾಗಿತ್ತು. ಕೊಟ್ಟಾರದಲ್ಲಿ ಸುಮತಿಯಕ್ಕನ ಮನೆಯಲ್ಲಿ ನಾನಿದ್ದೆ. ಈಗಲೂ ಅಲ್ಲೇ ಇದ್ದೇನೆ. ಮದುವೆಯಾದರೆ ಏನೇನು ಆಗಬಹುದು ಎಂದು ಯೋಚಿಸುತ್ತಲೇ ಮದುವೆಯ ವಯಸ್ಸನ್ನು ದಾಟಿಸಿಬಿಟ್ಟವನು ನಾನು. ಅಕ್ಕನ ಗಂಡ ಸಂಜೀವ ಭಾವ ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಅಕ್ಕ, ಅವಳ ಮಗಳು ಶಶಿಕಲಾ, ಮತ್ತು ನಾನು.

ನಮ್ಮ ಜನರಲ್ಲಿ ಹಿಂದಿನ ಕಾಲದಲ್ಲಿ ಸೋದರಮಾವನೇ ಮನೆಯ ಯಜಮಾನ. ಅಕ್ಕತಂಗಿಯರ, ಅವರ ಮಕ್ಕಳ ಹೊಣೆ ಅವನದು, ಗದ್ದೆಯ ಅಧಿಕಾರವೂ ಅವನದು. ನನ್ನ ಕಾಲಕ್ಕೆ ಅಧಿಕಾರ ಹೋಗಿತ್ತು, ಗದ್ದೆಯೂ ಹೋಗಿತ್ತು. ಉಳಿದದ್ದು ಹೊಣೆ. ಅದನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ದಾರಿಯಲ್ಲಿ ಬಿದ್ದದ್ದನ್ನು ಹೆಕ್ಕಿದ ಹಾಗೆ ನಾನೇ ಹೆಕ್ಕಿ ತಲೆಯ ಮೇಲೆ ಇಟ್ಟುಕೊಂಡಿದ್ದೆ. ಸಾಲದ್ದಕ್ಕೆ ನನ್ನ ಕೆಲಸ ಒಂದು ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಓದುತ್ತಿದ್ದದ್ದು ಲಾರಿ ಮಗುಚಿದ್ದು, ಅಂಗಡಿ ಸುಟ್ಟದ್ದು, ದೋಣಿ ಮುಳುಗಿದ್ದು. ಏನೂ ಆಗದ ಮನುಷ್ಯ ನಮ್ಮ ಕಚೇರಿಯ ಮೆಟ್ಟಿಲು ಹತ್ತುವುದೇ ಇಲ್ಲ. ಹಾಗಾಗಿ ಲೋಕದಲ್ಲಿ ಏನೂ ಆಗದವರೂ ಇದ್ದಾರೆ ಎನ್ನುವುದು ನನಗೆ ನಿಧಾನವಾಗಿ ಮರೆತೇ ಹೋಗಿತ್ತು.

ಅಕ್ಕನಿಗೆ ರಾಮೇಶ್ವರದ ಹರಕೆ ಇತ್ತು. ಪಕ್ಕದ ಮನೆಯ ಲಿಲ್ಲಿ ಬಾಯಿಗೆ ವೇಳಾಂಕಣಿಯ ಹರಕೆ. ಲಿಲ್ಲಿ ಬಾಯಿ ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ನರ್ಸು; ಅರ್ಧ ಮಂಗಳೂರಿಗೆ ಸೂಜಿ ಚುಚ್ಚಿದ ಧೈರ್ಯ ಆಕೆಯದು. ದೇವರು ಬೇರೆಯಾದರೂ ದಾರಿ ಒಂದೇ, ಬಸ್ಸಿನಲ್ಲಿ ಹೋಗಿ ಲಾಡ್ಜಿನಲ್ಲಿ ಉಳಿದು ಬರುವ ಎಂದು ಇಬ್ಬರೂ ಮಾತಾಡಿಕೊಂಡರು. ನಾನು ಅಡ್ಡ ಬಂದೆ.

"ಲಾಡ್ಜಿನ ಗೋಡೆಯಲ್ಲಿ ತೂತು ಇರ್ತದೆ ಅಕ್ಕ."

"ಎಷ್ಟು ಲಾಡ್ಜು ನೋಡಿದ್ದಿ ನೀನು?"

"ಒಂದೂ ಇಲ್ಲ. ತೂತು ಇರುವಲ್ಲಿಗೆ ನಾನು ಯಾಕೆ ಹೋಗ್ಲಿ?"

ಶಶಿ ಒಳಗಿನಿಂದ ನಗುತ್ತ ಬಂದಳು. ಅವಳಿಗೆ ಆಗ ಇಪ್ಪತ್ತನಾಲ್ಕು. ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಳು. ಯಾರಿಗೂ ಹೇಳದೆ ಡ್ರೈವಿಂಗ್ ಕಲಿತು, ಲೈಸೆನ್ಸು ಕೈಗೆ ಬಂದ ಮೇಲೆ ಹೇಳಿದವಳು. "ಹಾಗಾದ್ರೆ ಮನೆಯನ್ನೇ ತೆಕ್ಕೊಂಡು ಹೋಗುವ ಮಾವ. ಪಪ್ಪನ ಹೋಟೆಲಿನ ಹಳೆಯ ವ್ಯಾನು ಸುಮ್ಮನೆ ನಿಂತಿದೆಯಲ್ಲ, ಅದರಲ್ಲೇ ಮಲಗುದು, ಅದರಲ್ಲೇ ಬೇಯಿಸುದು. ನಾನು ಓಡಿಸ್ತೇನೆ."

ಅವಳು ತಮಾಷೆಗೆ ಹೇಳಿದ್ದಲ್ಲ ಎಂದು ನನಗೆ ಗೊತ್ತಾಗುವಾಗ ಅಕ್ಕ ಬೊಂಬಾಯಿಗೆ ಟ್ರಂಕ್ ಕಾಲ್ ಬುಕ್ ಮಾಡಿಯಾಗಿತ್ತು. ಭಾವ ಆ ತುದಿಯಿಂದ ಕಿರುಚಿದರು, ನಾವು ಈ ತುದಿಯಿಂದ ಕಿರುಚಿದೆವು. ಕೊನೆಗೆ ಭಾವನ ತೀರ್ಪು ಹೀಗೆ ಬಂತು: "ವ್ಯಾನ್ ಕಳಿಸ್ತೇನೆ. ಆದ್ರೆ ಜಗ್ಗು ನೋಡಿ, ತೊಂದರೆ ಇಲ್ಲ ಅಂತ ಹೇಳ್ಬೇಕು. ಅವ ಬೇಡ ಅಂದ್ರೆ ಬೇಡ."

ಜಗ್ಗು ಎಂದರೆ ನಾನು. ಆ ಸಂಜೆ ಶಶಿ ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತಳು. ಅವಳಿಗೆ ಬೊಂಬಾಯಿಯ ಒಂದು ಸಂಬಂಧ ಹೆಚ್ಚುಕಡಿಮೆ ನಿಶ್ಚಯವಾಗಿತ್ತು, ಬರುವ ಬೇಸಿಗೆಗೆ ಮದುವೆ. "ಅವರ ಮನೆಯಲ್ಲಿ ಡ್ರೈವರ್ ಇದ್ದಾನಂತೆ ಮಾವ. ನನಗೆ ಹಿಂದಿನ ಸೀಟೇ ಗತಿ. ಇದೊಂದು ಸಲ ನಾನು ಓಡಿಸ್ಬೇಕು. ನೀವು ಹೂಂ ಅನ್ನಿ, ಸಾಕು."

ಹೂಂ ಎನ್ನಲು ಎಷ್ಟು ಹೊತ್ತು ಬೇಕು? ನನಗೆ ಒಂದು ತಿಂಗಳೂ ಸಾಲಲಿಲ್ಲ.

ವ್ಯಾನು ಬಂತು. ಎರಡೂ ಬದಿಯಲ್ಲಿ ಹೋಟೆಲಿನ ಹೆಸರು, ಕೆಳಗೆ ಇಡ್ಲಿಯ ಚಿತ್ರ. ಕೊಟ್ಟಾರದ ಕ್ರಾಸಿನಲ್ಲಿ ನಿಲ್ಲಿಸಿದರೆ ಜನ ಬಂದು ಸಾಂಬಾರು ಕೇಳುತ್ತಿದ್ದರು. ಅಕ್ಕ ಒಳಗೆ ಎರಡು ಬೆಂಚು ಹಾಕಿಸಿದಳು, ಸೀಮೆಎಣ್ಣೆಯ ಸ್ಟವ್ ಇಟ್ಟಳು, ಘಟ್ಟದ ಆಚೆ ಸಿಗುವುದಿಲ್ಲವೆಂದು ಕುಚ್ಚಲಕ್ಕಿಯ ಮೂಟೆ ಏರಿಸಿದಳು. ಮನೆ ಕಟ್ಟುವುದು ಅವಳ ಕೆಲಸ, ಕೋಟೆ ಕಟ್ಟುವುದು ನನ್ನದು. ಕಿಟಕಿಗಳಿಗೆ ಕಬ್ಬಿಣದ ಸರಳು ಬಿಗಿಸಲು ವೆಲ್ಡರನನ್ನು ಕರೆಸಿದೆ.

"ಶೆಟ್ರೆ, ಇದರಲ್ಲಿ ಹುಲಿ ಸಾಗಿಸ್ಲಿಕ್ಕುಂಟಾ?" ಎಂದು ಅವನು ಕೇಳಿದ.

"ಅಲ್ಲ, ಮೂರು ಜನ ಹೆಂಗಸರು."

ಅವನು ಜಗಲಿಯಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ ಅಕ್ಕನನ್ನೂ ಲಿಲ್ಲಿ ಬಾಯಿಯನ್ನೂ ಒಮ್ಮೆ ನೋಡಿದ. "ಹಾಗಾದ್ರೆ ಸ್ವಲ್ಪ ದಪ್ಪದ ಸರಳೇ ಹಾಕುವ."

ಬಾಗಿಲುಗಳಿಗೆ ಒಳಗಿನಿಂದ ಚಿಲಕ, ಚಿಲಕಕ್ಕೆ ಬೀಗ, ಬೀಗದ ಕೈ ನನ್ನ ಸೊಂಟದ ಉಡಿದಾರದಲ್ಲಿ. ಒಳಗೆ ಗಂಡಸು ಇದ್ದಾನೆಂದು ತೋರಲು ನನ್ನದೊಂದು ಹಳೆಯ ಅಂಗಿಯನ್ನು ಹಿಂದಿನ ಕಿಟಕಿಯಲ್ಲಿ ನೇತುಹಾಕುವುದು. ಹಾಲುಪುಡಿಯ ಖಾಲಿ ಡಬ್ಬಿಯ ತುಂಬ ಮೆಣಸಿನ ಪುಡಿ. ನಾನು ಜೊತೆಗೆ ಹೋಗುವುದಂತೂ ಖಂಡಿತ. ಯಾರೂ ಕರೆದಿರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಇಷ್ಟು ಸಾಲದೆಂದು ಹಂಪನಕಟ್ಟೆಯ ಫುಟ್‌ಪಾತಿನಲ್ಲಿ ಆತ್ಮರಕ್ಷಣೆಯ ಇಂಗ್ಲಿಷ್ ಪುಸ್ತಕವೊಂದನ್ನು ಹಿಡಿದು ತಂದೆ. ಆದಿತ್ಯವಾರ ಜಗಲಿಯಲ್ಲಿ ತರಗತಿ. ಹಿಂದಿನಿಂದ ಯಾರಾದರೂ ಹಿಡಿದರೆ ಹಿಮ್ಮಡಿಯಿಂದ ಅವನ ಪಾದವನ್ನು ಬಲವಾಗಿ ತುಳಿಯಬೇಕು ಎಂದು ಓದಿ ಹೇಳಿದೆ. "ನಾನು ಕಳ್ಳ ಅಂತ ತಿಳ್ಕೋ ಶಶಿ," ಎಂದು ಅವಳ ಭುಜ ಹಿಡಿದೆ. ಅವಳು ಹಾಗೆಯೇ ತಿಳಿದುಕೊಂಡಳು. ಲಿಲ್ಲಿ ಬಾಯಿ ನನ್ನ ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತುತ್ತ, "ಶೆಟ್ರೆ, ಕಳ್ಳನಿಗೆ ಬ್ಯಾಂಡೇಜ್ ಯಾರು ಕಟ್ಟುದು, ಅದು ಪುಸ್ತಕದಲ್ಲಿ ಉಂಟಾ?" ಎಂದರು. ಅಕ್ಕನ ಸರದಿ ಬಂದಾಗ ಅವಳು ಎದ್ದು ನಿಲ್ಲಲೂ ಇಲ್ಲ. "ಹಿಂದಿನಿಂದ ಹಿಡಿಯುವಷ್ಟು ಹತ್ತಿರ ಅವನನ್ನು ನಾನು ಬಿಟ್ಟರಲ್ವಾ? ನೀನು ಕುಂಟಿಕೊಂಡು ಹೋಗಿ ಚಾಯ ಕುಡಿ."

ಮತ್ತೂ ನಾನು ಹೂಂ ಎನ್ನಲಿಲ್ಲ. ಒಂದು ಪರೀಕ್ಷೆ ಆಗಲಿ ಎಂದೆ. ಒಂದು ಮಧ್ಯಾಹ್ನ ಪಣಂಬೂರಿನ ಕಡಲಕರೆಗೆ ಹೋಗುವುದು, ಅಲ್ಲಿ ವ್ಯಾನು ನಿಲ್ಲಿಸಿ, ಪರವೂರಿನಲ್ಲಿ ರಾತ್ರಿ ತಂಗಿದ ಹಾಗೆ ಎಲ್ಲ ಬಂದೋಬಸ್ತು ಮಾಡಿ ನೋಡುವುದು. ಶಶಿ ಸ್ಟಿಯರಿಂಗ್ ಹಿಡಿದಳು, ಅಕ್ಕನೂ ಲಿಲ್ಲಿ ಬಾಯಿಯೂ ಹಿಂದೆ ಹತ್ತಿದರು. ಅವಳು ಓಡಿಸುವುದನ್ನು ಅಂದೇ ನಾನು ಮೊದಲು ನೋಡಿದ್ದು. ನನಗೆ ಹೇಳಲು ಒಂದು ತಪ್ಪೂ ಸಿಗಲಿಲ್ಲ. ಹಾಗಾಗಿ ಎಲ್ಲಿ ನಿಲ್ಲಿಸಬೇಕೆಂಬ ವಿಷಯದಲ್ಲಿ ನಾನು ಬಿಗಿಯಾದೆ.

ವಿಮಾ ಕಚೇರಿಯ ಬುದ್ಧಿ ಹೇಗೆಂದರೆ, ಅಪಾಯ ಎಲ್ಲಿಂದ ಬರುತ್ತದೆಂದು ಮೊದಲೇ ತೀರ್ಮಾನಿಸುವುದು, ಆ ಕಡೆಗೆ ಮಾತ್ರ ನೋಡುವುದು. ಕಳ್ಳ ಹಿಂದಿನಿಂದ ಬರುತ್ತಾನೆ ಎಂದು ನಾನು ತೀರ್ಮಾನಿಸಿದ್ದೆ. ಹಿಂದೆ ಯಾರೂ ಬರಲಾರದ ಜಾಗ ಯಾವುದು?

"ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಿಸು," ಎಂದೆ.

"ಮಾವ, ಇಲ್ಲಿ ಹೊಯಿಗೆ ಒದ್ದೆ ಉಂಟು."

"ಒದ್ದೆ ಹೊಯಿಗೆ ಗಟ್ಟಿ. ನಿಲ್ಲಿಸು."

ಕಡಲ ಊರಿನಲ್ಲಿ ಹುಟ್ಟಿ, ಬಂಗುಡೆ ಮೀನು ತಿಂದು ಬೆಳೆದ ನಾನು ಒದ್ದೆ ಮರಳಿನ ಬಗ್ಗೆ ಈ ಮಾತನ್ನು ಆಡಿದೆ. ಆಮೇಲೆ ಚಿಲಕ ಹಾಕಿಸಿದೆ, ಬೀಗ ಹಾಕಿದೆ, ಪರದೆಗಳನ್ನೆಲ್ಲ ಎಳೆಸಿದೆ. "ಈಗ ಕತ್ತಲಾಗಿದೆ ಅಂತ ತಿಳ್ಕೊಳ್ಳಿ." ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಇಡ್ಲಿ ಬೇಯುವಷ್ಟು ಸೆಕೆ. ಅಕ್ಕ ಬೆಂಚಿನ ಮೇಲೆ ಉರುಳಿ ಗೊರಕೆ ಹೊಡೆದಳು, ಲಿಲ್ಲಿ ಬಾಯಿ ಜಪಮಾಲೆ ತೆಗೆದರು, ಶಶಿ ಸ್ಟಿಯರಿಂಗಿನ ಮೇಲೆ ಗಲ್ಲ ಇಟ್ಟು ಕೂತಳು. ನಾನು ಕಾವಲು. ಅಲೆಯ ಸದ್ದು ಸ್ವಲ್ಪ ಹತ್ತಿರವಾದ ಹಾಗಿತ್ತು. ಗಾಳಿ ಬದಲಾಗಿರಬೇಕು ಅಂದುಕೊಂಡೆ.

ಆಗ ಹೊರಗೆ ಬೊಬ್ಬೆ ಕೇಳಿತು. ಪರದೆಯ ಸಂದಿನಿಂದ ನೋಡಿದೆ. ಬರಿಮೈಯ ಗಂಡಸರ ಗುಂಪೊಂದು ನಮ್ಮ ಕಡೆಗೆ ಓಡಿ ಬರುತ್ತಿತ್ತು. ಒಬ್ಬನ ಹೆಗಲಲ್ಲಿ ಹಗ್ಗದ ಸುರುಳಿ, ಉಳಿದವರ ಕೈಯಲ್ಲಿ ಬಡಿಗೆ, ಮರದ ಹಲಗೆ. ಹೆದರಿ ಮೆಣಸಿನ ಡಬ್ಬಿಗೆ ಕೈ ಹಾಕಿದೆ. ನಿಜ ಹೇಳುವುದಾದರೆ, ಆ ಭಯದ ಅಡಿಯಲ್ಲಿ ಒಂದು ತೃಪ್ತಿಯೂ ಇತ್ತು: ಬಂದರು, ಕೊನೆಗೂ ಬಂದರು.

"ದರೋಡೆ! ಯಾರೂ ಬಾಗಿಲು ತೆರೀಬೇಡಿ!"

"ಮಾವ, ಅವರು ಎಂತದೋ ಹೇಳ್ತಿದ್ದಾರೆ. ಸ್ವಲ್ಪ ಕೇಳಿ."

"ಕೇಳ್ಬಾರ್ದು! ಮಾತಿನಲ್ಲಿ ಹಿಡಿದು ನಿಲ್ಲಿಸುದೇ ಅವರ ಉಪಾಯ!"

ಡಬ್ಬಿಯ ಮುಚ್ಚಳ ತೆಗೆದು, ಬದಿಯ ಕಿಟಕಿಯ ಸರಳುಗಳ ನಡುವಿನಿಂದ ಒಂದು ಬೊಗಸೆ ಮೆಣಸಿನ ಪುಡಿಯನ್ನು ಬಲವಾಗಿ ಎರಚಿದೆ. ಸ್ವಲ್ಪ ಹೊರಗೆ ಹೋಗಿರಬೇಕು. ಉಳಿದದ್ದನ್ನು ಕಡಲಗಾಳಿ ಹಿಡಿದು, ತಿರುಗಿಸಿ, ವ್ಯಾನಿನ ಒಳಕ್ಕೇ ತಂದು ಸುರಿಯಿತು. ಆಮೇಲೆ ನನಗೆ ಏನೂ ಕಾಣಲಿಲ್ಲ. ಸೀನು, ಕೆಮ್ಮು, ಅಕ್ಕ ನನ್ನನ್ನೂ ನನ್ನ ಕಚೇರಿಯನ್ನೂ ಬೈಯುವ ಸದ್ದು. ಅದರ ನಡುವೆ ವ್ಯಾನು ನಿಧಾನವಾಗಿ ಹಿಂದಕ್ಕೆ ವಾಲಿತು, ಹಿಂದಿನ ಬಾಗಿಲಿನ ಅಡಿಯಿಂದ ನೀರು ಒಳಗೆ ಬಂತು. ಉಬ್ಬರದ ನೀರು. ಅದನ್ನು ಹೇಳಲಿಕ್ಕೇ ಅವರು ಓಡಿ ಬಂದದ್ದು.

"ಕೀ ಎಲ್ಲಿ ಶೆಟ್ರೆ?" ಎಂದು ಲಿಲ್ಲಿ ಬಾಯಿ ಕೂಗಿದರು.

ಕೀ ಉಡಿದಾರದಲ್ಲಿತ್ತು. ಉಡಿದಾರ ಪ್ಯಾಂಟಿನ ಒಳಗಿತ್ತು. ಕೈ ತುಂಬ ಮೆಣಸಿತ್ತು. ಹೆಂಗಸರ ಎದುರಿಗೆ ಆ ಕೈಯನ್ನು ಅಲ್ಲಿಗೆ ಹಾಕುವ ಧೈರ್ಯ ನನಗೆ ಬರಲಿಲ್ಲ. ಇದಕ್ಕಿಂತ ಹೆಚ್ಚು ವಿವರಿಸಲಾರೆ.

ಲಿಲ್ಲಿ ಬಾಯಿ ಕುಡಿಯುವ ನೀರಿನ ಕೊಡ ಎತ್ತಿದರು. ನಾನು ಮುಖ ಮುಂದೆ ಮಾಡಿದೆ. "ನೀವು ಆಚೆ ಸರೀರಿ. ಓಡಿಸುವವಳ ಕಣ್ಣು ಮೊದಲು," ಎಂದು ಶಶಿಯ ಮುಖಕ್ಕೆ ನೀರು ಹೊಯ್ದರು. ಶಶಿ ಕಿಟಕಿಗೆ ಬಾಯಿ ಇಟ್ಟು, "ಅಣ್ಣಾ, ನಾನು ಎಂತ ಮಾಡ್ಬೇಕು ಹೇಳಿ!" ಎಂದು ಕೂಗಿದಳು. ಹೊರಗಿನಿಂದ ಒಂದು ಮುದಿ ಧ್ವನಿ, ಸಿಟ್ಟಿಲ್ಲದ ಧ್ವನಿ, ಉತ್ತರ ಕೊಟ್ಟಿತು: "ಗಾಡಿ ಸ್ಟಾರ್ಟ್ ಮಾಡು ಮಗಾ. ನಾನು ಹೇಳುವ ತನಕ ಗೇರಿಗೆ ಹಾಕ್ಬೇಡ. ಹೆದರ್ಬೇಡ."

ಮುಂದಿನ ಬಂಪರಿಗೆ ಹಗ್ಗ ಬಿತ್ತು. ಚಕ್ರದ ಅಡಿಗೆ ಹಲಗೆ ಸೇರಿತು. ರಂಪಣಿ ಬಲೆಯನ್ನು ದಡಕ್ಕೆ ಎಳೆಯುವಾಗ ಹಾಕುವ ಅದೇ ಕೂಗು, ಅದೇ ತಾಳ. ಒಂದು ಎಳೆತಕ್ಕೆ ಒಂದು ಗೇಣು. ಶಶಿ ಕೆಂಪು ಕಣ್ಣುಗಳನ್ನು ಅರೆ ತೆರೆದು, ಮುದುಕ ಹೇಳಿದಾಗ ಗೇರು ಹಾಕಿ, ಹೇಳಿದಾಗ ಬಿಟ್ಟು, ವ್ಯಾನನ್ನು ಒಣ ಹೊಯಿಗೆಗೆ ಏರಿಸಿದಳು. ನಾನು ಅಷ್ಟೂ ಹೊತ್ತು ಒಳಗೆ ಕುಚ್ಚಲಕ್ಕಿಯ ಮೂಟೆಯ ಪಕ್ಕದಲ್ಲಿ ಇನ್ನೊಂದು ಮೂಟೆ.

ಕೊನೆಗೆ ಕೀ ಸಿಕ್ಕಿ ಬಾಗಿಲು ತೆರೆದಾಗ ಮೂಗು, ಕಣ್ಣು, ಬಾಯಿ ಎಲ್ಲ ಒಂದೇ ಬಣ್ಣವಾಗಿ ನಾನು ಕೆಳಗಿಳಿದೆ. ಮೀನುಗಾರರ ಆ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇಷ್ಟು ವರ್ಷದಿಂದ ಬಲೆ ಎಳೀತೇವೆ ಮಾರಾಯ್ರೆ. ಮಸಾಲೆ ಹಾಕಿಕೊಂಡೇ ಬಂದ ಮೀನು ಇದೇ ಮೊದಲು."

ಎಲ್ಲರೂ ನಕ್ಕರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವರಲ್ಲಿ ಒಬ್ಬನ ಕಣ್ಣಿಗೆ ನನ್ನ ಪುಡಿ ಬಿದ್ದಿತ್ತು. ಅವನೂ, ಲಿಲ್ಲಿ ಬಾಯಿಯಿಂದ ಕಣ್ಣು ತೊಳೆಸಿಕೊಳ್ಳುತ್ತಲೇ ನಕ್ಕ. ನಾನೂ ನಕ್ಕು, ತಪ್ಪಾಯಿತು ಎಂದು ಅವನ ಕೈ ಹಿಡಿಯಬಹುದಿತ್ತು. ಅಷ್ಟಕ್ಕೇ ಮುಗಿಯುತ್ತಿತ್ತು. ನಾನು ಹೇಳಿದ್ದು ಇದು: "ನೀವು ಹಾಗೆ ಓಡಿ ಬರಬಾರದಿತ್ತು."

ನಗು ನಿಂತಿತು. ಶಶಿ ತಲೆ ತಗ್ಗಿಸಿದಳು. ಅಕ್ಕ ನಮ್ಮ ಬುತ್ತಿಯನ್ನೆಲ್ಲ ಬಿಚ್ಚಿ ಅವರಿಗೆ ಬಡಿಸಿದಳು. ಹೊರಡುವಾಗ ಅವರು ಎಲೆಯಲ್ಲಿ ಕಟ್ಟಿ ಬಂಗುಡೆ ಕೊಟ್ಟರು. ಅಂದಿನ ಸಾರನ್ನು ನಾನು ಬಟ್ಟಲಲ್ಲೇ ಬಿಟ್ಟೆ. ಮೆಣಸಿನಿಂದ ಎಂದು ಹೇಳಿದೆ.

ಮಂಗಳೂರು ಆಗ ಇಷ್ಟು ದೊಡ್ಡದಿರಲಿಲ್ಲ. ಸೋಮವಾರ ಕಚೇರಿಗೆ ಹೋಗುವಾಗ ಕಥೆ ನನಗಿಂತ ಮೊದಲೇ ಅಲ್ಲಿ ತಲುಪಿ ಕುರ್ಚಿ ಹಾಕಿ ಕೂತಿತ್ತು. ಬೊಂಬಾಯಿಗೂ ತಲುಪಿತು. ಭಾವನ ಕಾಲ್ ಬಂದಾಗ ರಿಸೀವರಿಗೆ ನಾನು ಕೈ ಹಾಕುವ ಮೊದಲೇ ಅಕ್ಕ ಎತ್ತಿಕೊಂಡಳು. "ವ್ಯಾನಿಗೆ ಎಂತ ತೊಂದರೆ ಇಲ್ಲ. ಶಶಿ ಓಡಿಸಿದ್ದರಲ್ಲೂ ಇಲ್ಲ. ಜಗ್ಗು ಇದ್ರೆ ಮಾತ್ರ ಸ್ವಲ್ಪ ಅಪಾಯ. ಅವನನ್ನು ಇಲ್ಲೇ ಬಿಟ್ಟು ಹೋಗ್ತೇವೆ."

ಭಾವ ನಗುವುದು ನನಗೆ ಕೋಣೆಯ ಈ ಮೂಲೆಗೆ ಕೇಳಿತು. ಆದರೆ ಆಮೇಲೆ ಅವರು ಹೇಳಿದ್ದನ್ನು ಅಕ್ಕ ನಮಗೆ ಒಪ್ಪಿಸಿದಳು, ನಗದೆ. ಒಳ್ಳೆಯದಾಗಿ ಹೋಗಿ ಬಂದರೆ ವ್ಯಾನು ಶಶಿಗೇ. ಇವಳು ಗಾಡಿ ಓಡಿಸುವ ಹುಡುಗಿ ಎಂದು ಗಂಡಿನ ಕಡೆಯವರಿಗೆ ಭಾವನೇ ಹೇಳುತ್ತಾರೆ. ದಾರಿಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ವ್ಯಾನು ಮಾರುವುದು, ಮತ್ತೆ ಆ ಮಾತೇ ಇಲ್ಲ. "ಬಂದ ದಿನ ಜಗ್ಗು ಹತ್ರ ಕೇಳ್ತಾರಂತೆ. ನೀವು ತಾಯಿ-ಮಗಳು ಮುಚ್ಚಿಡ್ತೀರಿ, ಅವ ಮುಚ್ಚಿಡುವವ ಅಲ್ಲ ಅಂತ."

ಡಿಸೆಂಬರಿನ ಒಂದು ಬೆಳಿಗ್ಗೆ ಅವರು ಹೊರಟರು. ಒಳಗಿನ ಬೀಗಗಳನ್ನು ಶಶಿ ತಾನೇ ಕಳಚಿ ಜಗಲಿಯಲ್ಲಿ ಸಾಲಾಗಿ ಇಟ್ಟಿದ್ದಳು. ಮೆಣಸಿನ ಡಬ್ಬಿ ಅಡುಗೆಗೆ ಸೇರಿತ್ತು. ವ್ಯಾನು ಗೇಟು ದಾಟುವಾಗ ಹಿಂದಿನ ಕಿಟಕಿಯಲ್ಲಿ ನನ್ನ ಹಳೆಯ ಅಂಗಿ ಗಾಳಿಗೆ ಕೈ ಬೀಸಿತು. ನನ್ನನ್ನು ಕರೆದೊಯ್ಯಲಿಲ್ಲ; ನನ್ನ ಅಂಗಿಯನ್ನು ಕರೆದೊಯ್ದರು. ಅದು ಮಾತಾಡುವುದಿಲ್ಲವಲ್ಲ.

ಖಾಲಿ ಮನೆಯಲ್ಲಿ ನಾನು ಉಳಿದೆ. ಬೆಳಗಿನ ಹೊತ್ತು ಸ್ವಲ್ಪ ಚಳಿ, ಹತ್ತು ಗಂಟೆಗೆಲ್ಲ ಬೆವರು. ಮಂಗಳೂರಿನ ಚಳಿಗಾಲವೆಂದರೆ ಅಷ್ಟೇ. ಬೆಳಿಗ್ಗೆ ಪೇಪರಿನಲ್ಲಿ ಅಪಘಾತದ ಸುದ್ದಿಗಳನ್ನು ಮೊದಲು ಓದುತ್ತಿದ್ದೆ. ಸೈಕಲ್ಲಿನ ಬೆಲ್ಲು ಕೇಳಿದರೆ ಟೆಲಿಗ್ರಾಂ ಎಂದು ಗೇಟಿಗೆ ಓಡುತ್ತಿದ್ದೆ. ಕಚೇರಿ ಬಿಟ್ಟ ಮೇಲೆ ಕೊಟ್ಟಾರದ ಕ್ರಾಸಿನಲ್ಲಿ ನಿಂತು ಹೆದ್ದಾರಿಯಲ್ಲಿ ಬರುವ ಗಾಡಿಗಳನ್ನು ನೋಡುತ್ತಿದ್ದೆ. ಬೀಡಾ ಅಂಗಡಿಯವನು, "ಎಂತ ಶೆಟ್ರೆ, ಸಮುದ್ರ ಇಲ್ಲಿವರೆಗೆ ಬಂತಾ ಅಂತ ನೋಡುದಾ?" ಎಂದು ಕೇಳುತ್ತಿದ್ದ. ಹಾಗೆ ಕೇಳಿದವರೆಲ್ಲ ನಾನು ಹೆದರಿಕೊಂಡು ಕಾಯುತ್ತಿದ್ದೇನೆ ಎಂದೇ ತಿಳಿದಿದ್ದರು. ಮೊದಮೊದಲು ನಾನೂ ಹಾಗೆಯೇ ತಿಳಿದಿದ್ದೆ.

ಕ್ರಿಸ್ಮಸ್ಸು ಕಳೆಯಿತು. ಕೆಟ್ಟ ಸುದ್ದಿ ಯಾವುದೂ ಬರಲಿಲ್ಲ. ಒಮ್ಮೆ ಎಲ್ಲಿಂದಲೋ ಫೋನ್ ಮಾಡಿದ ಅಕ್ಕ, "ಚೆನ್ನಾಗಿದ್ದೇವೆ ಮಾರಾಯ, ಇಡು," ಎಂದು ಇಟ್ಟುಬಿಟ್ಟಳು. ರಿಸೀವರ್ ಕೆಳಗಿಟ್ಟು ನಾನು ನೆಮ್ಮದಿಯ ಉಸಿರು ಬಿಡಬೇಕಿತ್ತು. ಬಿಡಲು ನೋಡಿದೆ. ಬಂದದ್ದು ಉಸಿರಲ್ಲ, ಒಂದು ಸಣ್ಣ ನೋವು, ಯಾರೋ ನನ್ನನ್ನು ಮದುವೆಗೆ ಕರೆಯಲು ಮರೆತ ಹಾಗೆ. ಆ ದಿನದಿಂದ ನಾನು ಕ್ರಾಸಿನಲ್ಲಿ ನಿಂತು ಏನು ಯೋಚಿಸುತ್ತಿದ್ದೇನೆ ಎಂಬುದನ್ನು ಗಮನಿಸತೊಡಗಿದೆ. ಒಂದು ಚಿಕ್ಕ ಅನಾಹುತ. ಯಾರೂ ಸಾಯಬಾರದು, ರಕ್ತ ಬರಬಾರದು. ಒಂದು ಪರ್ಸು ಹೋಗಲಿ. ಅಥವಾ ಯಾರಾದರೂ ಬಾಗಿಲು ಬಡಿದು ಹೆದರಿಸಲಿ, ಸಾಕು. 'ಜಗ್ಗು ಹೇಳಿದ್ದು ಸರಿಯಾಗಿತ್ತು' ಎನ್ನುವಷ್ಟು. ಕದ್ರಿ ದೇವಸ್ಥಾನಕ್ಕೆ ಹೋದೆ, ಅವರಿಗಾಗಿ ಹೂವು ಕೊಟ್ಟೆ, ಕಣ್ಣು ಮುಚ್ಚಿದೆ, ಮತ್ತೆ ದೇವರ ಎದುರು ಏನು ಕೇಳಿಕೊಳ್ಳಬೇಕೆಂದು ಗೊತ್ತಾಗದೆ ಕಣ್ಣು ತೆರೆದೆ.

ಹೊಸ ವರ್ಷ ಬಂದ ಮೇಲೆ ಒಂದು ಮಧ್ಯಾಹ್ನ ಗೇಟಿನ ಹತ್ತಿರ ಹಾರ್ನ್ ಕೇಳಿತು. ಶಶಿ ಬಿಸಿಲಿಗೆ ಕಪ್ಪಾಗಿದ್ದಳು, ತೋಳು ಗಟ್ಟಿಯಾದ ಹಾಗಿತ್ತು. ಕೆಳಗಿಳಿದವಳೇ ನಗುತ್ತ ನನ್ನ ಕಡೆ ಬಂದಳು. ನಾನು ಅವಳ ಹಿಂದೆ ವ್ಯಾನನ್ನು ನೋಡುತ್ತಿದ್ದೆ. ಎಲ್ಲಾದರೂ ತಗ್ಗು ಬಿದ್ದಿದೆಯೇ, ಗಾಜು ಒಡೆದಿದೆಯೇ. ಏನೂ ಇರಲಿಲ್ಲ.

"ಹಿಂದಿನ ಟಯರ್ ಸವೆದಿದೆ," ಎಂದೆ.

"ಮತ್ತೆ? ಅದು ಕೂತುಕೊಂಡು ಹೋಗಿ ಬಂದದ್ದಾ?" ಎಂದಳು ಅಕ್ಕ.

ಜಗಲಿಯಲ್ಲಿ ಚಾಯ ಆಯಿತು, ಕಥೆ ಶುರುವಾಯಿತು. ಅಕ್ಕನ ಕ್ರಮ ಬಹಳ ಸರಳವಾಗಿತ್ತಂತೆ. ಬೆಳಕು ಇರುವಾಗಲೇ ಒಂದು ಊರು ಸೇರುವುದು. ಶಶಿ ಗಾಡಿ ನಿಧಾನ ಮಾಡಿ ಆ ಜಾಗವನ್ನು ಒಮ್ಮೆ ಪೂರ್ತಿ ನೋಡುವುದು: ಅಂಗಳದಲ್ಲಿ ಹೆಂಗಸರು ಕೂತಿದ್ದಾರಾ, ಮಕ್ಕಳು ಆಡ್ತಾರಾ, ಗಂಡಸರು ಇವರನ್ನು ನೋಡಿ ಮಾತು ನಿಲ್ಲಿಸ್ತಾರಾ. ಮನಸ್ಸಿಗೆ ಬಂದರೆ ನಿಲ್ಲಿಸುವುದು, ಬಾರದಿದ್ದರೆ ಬೆಳಕು ಇದ್ದಷ್ಟು ದೂರ ಮುಂದೆ ಹೋಗುವುದು. ನಿಲ್ಲಿಸಿದ ಮೇಲೆ ಅಕ್ಕ ಹತ್ತಿರದ ಮನೆಗೆ ಹೋಗಿ ಕುಡಿಯಲು ನೀರು ಕೇಳುತ್ತಿದ್ದಳು.

"ನೀರಾ? ವ್ಯಾನಿನಲ್ಲಿ ನೀರು ಇತ್ತಲ್ಲ?"

"ಇತ್ತು. ನೀರಿಗಾಗಿ ಕೇಳಿದ್ದಾ ನಾನು? ನಮ್ಮ ಮನೆಗೆ ಯಾರು ಬಂದ್ರೂ ಮೊದಲು ಎಂತ ಕೊಡ್ತೇವೆ? ಬೆಲ್ಲ, ನೀರು. ಕೊಟ್ಟ ಮೇಲೆ ಅವರು ನಮ್ಮವರು. ಅಲ್ಲಿಯವರೂ ಮನುಷ್ಯರೇ ಅಲ್ವಾ? ನೀರು ಕೊಟ್ಟವಳು ಮತ್ತೆ ರಾತ್ರಿಯಿಡೀ ಒಂದು ಕಿವಿ ನಮ್ಮ ಕಡೆಗೇ ಇಟ್ಟು ಮಲಗ್ತಾಳೆ."

"ಅದು ಹೌದು ಶೆಟ್ರೆ," ಎಂದರು ಲಿಲ್ಲಿ ಬಾಯಿ. "ಆ ಒಂದು ಸಂಜೆ ಗೊತ್ತಾಯ್ತಲ್ಲ. ಇಬ್ಬರು ಕುಡಿದು ಬಂದು ಗಾಡಿಗೆ ಬಡಿದ್ರು. ಒಬ್ಬ ಕಿಟಕಿಯಿಂದ ಕೈ ಹಾಕಿ ಶಶಿಯ ಕೈಯನ್ನೇ ಹಿಡಿದ. ಇವಳು ಹಾರ್ನ್ ಒತ್ತಿದವಳು ಬಿಡ್ಲೇ ಇಲ್ಲ. ನೀರು ಕೊಟ್ಟ ಹೆಂಗಸು ಪೊರಕೆ ಹಿಡ್ಕೊಂಡು ಬಂದಳು, ಅವಳ ಹಿಂದೆ ಇಡೀ ಕೇರಿ..."

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆ ಎಂದು ಗೊತ್ತಿಲ್ಲ.

"ನೋಡಿದ್ರಾ? ನೋಡಿದ್ರಾ! ನಾನು ಎಷ್ಟು ಸಲ ಹೇಳಿದ್ದೆ! ಕಿಟಕಿಯಿಂದಲೇ ಕೈ ಹಾಕ್ತಾರೆ ಅಂತ ಹೇಳಿದ್ನಾ ಇಲ್ವಾ?"

ನನ್ನ ಧ್ವನಿಯಲ್ಲಿ ಇದ್ದದ್ದು ಆತಂಕವಲ್ಲ. ಪರೀಕ್ಷೆಯಲ್ಲಿ ಪಾಸಾದ ಹುಡುಗನ ಧ್ವನಿ ಅದು. ಚಾಯದ ಲೋಟಗಳು ಅಲ್ಲಲ್ಲೇ ನಿಂತವು. ಶಶಿಯ ಬಲಗೈಯ ಮಣಿಕಟ್ಟಿನಲ್ಲಿ, ಬಳೆಯ ಹಿಂದೆ, ಮಾಸುತ್ತ ಬಂದ ಹಳದಿ ಕಲೆಯೊಂದು ಇತ್ತು. ಅದು ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆ.

"ಜಗ್ಗು, ಕೂತ್ಕೋ," ಎಂದಳು ಅಕ್ಕ, ಮೆಲ್ಲಗೆ.

ಶಶಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. "ಮಾವ, ನಿಮಗೆ ಖುಷಿ ಆಯ್ತಾ?" ಎಂದು ಕೇಳಿದಳು. ಚುಚ್ಚಿ ಕೇಳಿದ್ದಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿದ್ದು.

ಒಳಗೆ ಫೋನ್ ಹೊಡೆದುಕೊಂಡಿತು. ಬೊಂಬಾಯಿಯ ಕಾಲ್. ಅಕ್ಕ ಎತ್ತಿ ಒಂದೆರಡು ಮಾತಾಡಿ, ರಿಸೀವರನ್ನು ನನ್ನ ಕಡೆ ಚಾಚಿದಳು. ಭಾವ ಆ ತುದಿಯಿಂದ ಕಿರುಚುತ್ತಿದ್ದರು: "ಜಗ್ಗೂ, ಸರಿಯಾಗಿ ಹೇಳು. ದಾರಿಯಲ್ಲಿ ಎಂತಾದ್ರೂ ಆಯ್ತಾ? ವ್ಯಾನ್ ಇಡುದಾ, ಮಾರುದಾ?"

ಹೇಳಬೇಕಾದ್ದನ್ನೇ ಹೇಳಿದೆ. ಏನೂ ಆಗಲಿಲ್ಲ ಭಾವ, ನಿಮ್ಮ ಮಗಳು ನಮ್ಮೆಲ್ಲರಿಗಿಂತ ಚೆನ್ನಾಗಿ ಓಡಿಸುತ್ತಾಳೆ, ವ್ಯಾನು ಅವಳಿಗೇ ಇರಲಿ ಎಂದೆ. ವ್ಯಾನು ಉಳಿಯಿತು. ಈಗ ಅವಳು ಬೊಂಬಾಯಿಯಲ್ಲಿ ಅದನ್ನು ಮಾರಿ ಬೇರೊಂದು ಗಾಡಿ ತೆಗೆದುಕೊಂಡಿದ್ದಾಳೆ. ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ತಾನೇ ಓಡಿಸುತ್ತ ಊರಿಗೆ ಬರುತ್ತಾಳೆ. ನನಗೆ ಬನಿಯನ್ನು, ಬಿಸ್ಕೀಟು ತರುತ್ತಾಳೆ. ಆ ದಿನದ ಮಾತು ನಮ್ಮ ನಡುವೆ ಮತ್ತೆ ಬಂದಿಲ್ಲ.

ಆದರೆ ಭಾವನ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ಸ್ವಲ್ಪ ಹೊತ್ತು ಹೋಯಿತು. ಬಾಯಿ ತೆರೆದಿದ್ದೆ, ನಾಲಿಗೆಯ ತುದಿಯಲ್ಲಿ ಆ ಇಬ್ಬರು ಕುಡುಕರೇ ಇದ್ದರು. ಶಶಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಬೇಡಿಕೊಳ್ಳಲಿಲ್ಲ, ಸನ್ನೆ ಮಾಡಲಿಲ್ಲ. ಬೆಳಕು ಆರುವ ಮೊದಲು ಗಾಡಿ ನಿಧಾನ ಮಾಡಿ ಗುರುತಿಲ್ಲದ ಒಂದು ಊರನ್ನು ನೋಡುವ ಹಾಗೆ ನೋಡಿದಳು, ಇಲ್ಲಿ ನಿಲ್ಲಿಸಬಹುದಾ, ಮುಂದೆ ಹೋಗಬೇಕಾ ಎಂದು. ರಾಮೇಶ್ವರದವರೆಗೆ ಹೋಗಿ ಬಂದ ಹುಡುಗಿ ಹಾಗೆ ನೋಡಿದ್ದು ನಮ್ಮದೇ ಮನೆಯ ಒಳಗೆ, ಅವಳನ್ನು ಎತ್ತಿ ಆಡಿಸಿದ ನನ್ನನ್ನು.